ಕಿವಿಗೊಟ್ಟ ಹೊತ್ತು

ಕಕ್ಕಡದ ಮಳೆಯಲ್ಲಿ ಕುದುರೆಯ ಹೊಟ್ಟೆಗೆ ಕಿವಿಗೊಡುವುದು ಸುಲಭವಲ್ಲ. ಲಾಯಕ್ಕೆ ತಗಡಿನ ಮಾಡು. ಅದರ ಮೇಲೆ ಮಳೆ ಸುರಿಯುತ್ತಿದ್ದರೆ ಪಕ್ಕದಲ್ಲಿ ನಿಂತವರ ಮಾತೇ ಕೇಳಿಸುವುದಿಲ್ಲ. ಇನ್ನು ಚರ್ಮ, ಸ್ನಾಯುಗಳ ಆಚೆ ಕರುಳು ಏನು ಹೇಳುತ್ತಿದೆ ಎಂಬುದು ಸ್ಟೆತೋಸ್ಕೋಪಿನ ನಳಿಗೆಯಲ್ಲಿ ಹೇಗೆ ಕೇಳೀತು? ಆ ರಾತ್ರಿ ಕಕ್ಕಬ್ಬೆ ಕಡೆಯ ಒಂದು ಕಾಫಿ ತೋಟದಲ್ಲಿ, ತಡಿಯಂಡಮೋಳು ಬೆಟ್ಟದ ಬುಡದಲ್ಲಿ, ಕೆಂಚಿ ಎಂಬ ಹೆಣ್ಣುಕುದುರೆಯ ಬಲಮಗ್ಗುಲಿಗೆ ಸ್ಟೆತೋಸ್ಕೋಪು ಒತ್ತಿ ಹಿಡಿದು ನಾನು ಕಾಯುತ್ತಿದ್ದದ್ದು ಮಳೆ ಒಂದು ನಿಮಿಷ ಬಿಡುವು ಕೊಡಲಿ ಎಂದು.

ಅಂದು ಆಗಸ್ಟ್ 3, ಕಕ್ಕಡ ಪದಿನೆಟ್ಟ್. ಕಕ್ಕಡ ತಿಂಗಳ ಹದಿನೆಂಟನೆಯ ದಿನ ಮದ್ದುಸೊಪ್ಪಿನೊಳಗೆ ಹದಿನೆಂಟು ಬಗೆಯ ಔಷಧಿ ಬಂದು ಸೇರಿರುತ್ತದೆ ಎಂಬುದು ಕೊಡಗಿನ ನಂಬಿಕೆ. ಸೊಪ್ಪಿನ ಕಡುನೇರಳೆ ರಸದಲ್ಲಿ ಬೆಂದ ಪಾಯಸದ ಪರಿಮಳ ಮನೆಯಿಂದ ಲಾಯದವರೆಗೂ ಬರುತ್ತಿತ್ತು. ಮನೆಯ ಹಿರಿಯಮ್ಮ ಕೊಡೆ ಹಿಡಿದು ಅಂಗಳ ದಾಟಿ ಬಂದು, "ಡಾಕ್ಟ್ರೇ, ಬೆಳಿಗ್ಗೆಯಿಂದ ಲದ್ದಿ ಹಾಕಿಲ್ಲ. ಮಲಗ್ತದೆ, ಏಳ್ತದೆ, ಕಾಲಲ್ಲಿ ನೆಲ ಕೆರೀತದೆ. ಹಿಂದೆ ತಿರುಗಿ ತಿರುಗಿ ತನ್ನ ಹೊಟ್ಟೆ ತಾನೇ ನೋಡ್ತದೆ" ಎಂದರು. ಇಷ್ಟು ಕಣ್ಣಿಟ್ಟು ನೋಡಿದವರು ಮನೆಯಲ್ಲಿದ್ದರೆ ವೈದ್ಯನ ಅರ್ಧ ಕೆಲಸ ಮುಗಿದಂತೆ.

ಕೊಡಗು ಕುದುರೆಗಳ ಸೀಮೆಯಲ್ಲ. ಇಲ್ಲಿನ ಪಶುವೈದ್ಯನ ದಿನ ಕಳೆಯುವುದು ದನ, ಹಂದಿ, ಆಡು, ನಾಯಿಗಳ ನಡುವೆ. ದುಬಾರೆಯ ಕಡೆಯವನಾದರೆ ಆನೆಯೂ ಉಂಟು. ಮಡಿಕೇರಿ ಕೋಟೆಯ ಅರಸರ ಲಾಯಗಳು ಹೋದವು. 1854ರಲ್ಲಿ ಮಡಿಕೇರಿಯ ಬಳಿ ಫೌಲರ್ ಎಂಬ ಬಿಳಿಯ ಮೊದಲ ದೊಡ್ಡ ಕಾಫಿ ತೋಟ ಹಾಕಿದ ಮೇಲೆ ಬಂದ ದೊರೆಗಳ ತಟ್ಟುಗಳೂ ಜೀಪು ಬಂದ ಮೇಲೆ ಮರೆಯಾದವು. ಈಗ ಅಲ್ಲೊಂದು ತೋಟದ ಮನೆ, ಇಲ್ಲೊಂದು ಹೋಂಸ್ಟೇ. ಬೆಂಗಳೂರು, ಮೈಸೂರಿನ ರೇಸಿನಲ್ಲಿ ಓಡಿ ಮುಗಿಸಿದ ಒಂದೆರಡು ಕುದುರೆಗಳು. ಕೆಂಚಿಯೂ ಹಾಗೆ ಬಂದವಳು. ನನ್ನ ಪಾಲಿಗೆ ಕುದುರೆಯ ಕರೆ ತಿಂಗಳಿಗೆ ಒಂದೋ ಎರಡೋ. ಅದರಿಂದಲೇ ಇರಬೇಕು, ಈ ಪ್ರಾಣಿಯ ಮುಂದೆ ನಿಂತಾಗ ರೂಢಿಯ ಜಡತೆ ನನಗೆ ಇವತ್ತಿಗೂ ಬಂದಿಲ್ಲ. ಪ್ರತಿ ಸಲವೂ ಮೊದಲ ಸಲ ನೋಡಿದಂತೆಯೇ ಬೆರಗಾಗುತ್ತದೆ.

ಮೊದಲು ನಾಡಿ. ಕುದುರೆಯ ನಾಡಿ ಹಿಡಿಯುವುದು ದವಡೆಯ ಕೆಳಗೆ. ಎಲುಬಿನ ಒಳ ಅಂಚಿನಲ್ಲಿ ಪೆನ್ಸಿಲಿನಷ್ಟು ದಪ್ಪದ ಒಂದು ರಕ್ತನಾಳ ಬೆರಳಿಗೆ ಸಿಕ್ಕಿ ಜಾರುತ್ತದೆ, ಮತ್ತೆ ಸಿಗುತ್ತದೆ. ಸುಮ್ಮನೆ ನಿಂತ ಆರೋಗ್ಯವಂತ ಕುದುರೆಯ ಗುಂಡಿಗೆ ನಿಮಿಷಕ್ಕೆ 28ರಿಂದ 44 ಸಲ ಬಡಿಯುತ್ತದೆ, ನಮ್ಮದಕ್ಕಿಂತ ಎಷ್ಟೋ ನಿಧಾನ. ಅದೇ ಗುಂಡಿಗೆ ನಾಗಾಲೋಟದಲ್ಲಿ 220 ದಾಟುತ್ತದೆ. ಓಟ ಶುರುವಾದೊಡನೆ ಗುಲ್ಮ ಕುಗ್ಗಿ, ಕೂಡಿಟ್ಟ ಕೆಂಪು ರಕ್ತಕಣಗಳನ್ನು ನಾಳಗಳಿಗೆ ಸುರಿಯುತ್ತದೆ. ಮನೆಯಲ್ಲಿ ಮದುವೆ ಬಂದಾಗ ಅಟ್ಟದ ಮೇಲಿನ ಪಾತ್ರೆ ಇಳಿಸಿದ ಹಾಗೆ. ಉಸಿರು ಹೆಜ್ಜೆಗೆ ಕಟ್ಟುಬೀಳುತ್ತದೆ: ನಾಗಾಲೋಟದ ಒಂದು ನೆಗೆತಕ್ಕೆ ಒಂದೇ ಉಸಿರು. ಆ ಉಸಿರಾದರೂ ಮೂಗಿನಿಂದ ಮಾತ್ರ. ಬಾಯಿಂದ ಉಸಿರಾಡಲು ಕುದುರೆಗೆ ಆಗುವುದೇ ಇಲ್ಲ. ಕೆಂಚಿಯ ನಾಡಿ ಆ ಹೊತ್ತಿಗೆ 56 ಇತ್ತು. ವಸಡು ಒಣಗಿತ್ತು. ಬೆರಳೊತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ ಕೆಂಪು ತಿರುಗಿ ಬರಲು ಮೂರು ಸೆಕೆಂಡು ಹಿಡಿಯುತ್ತಿತ್ತು. ನೋವಿದೆ, ನೀರು ಸಾಲದಾಗಿದೆ, ಆದರೆ ಕೈಮೀರಿಲ್ಲ.

ನೋವನ್ನು ಕುದುರೆ ಮುಚ್ಚಿಡುತ್ತದೆ. ಹುಲಿಗೋ ತೋಳಕ್ಕೋ ಆಹಾರವಾಗಿ ಲಕ್ಷಾಂತರ ವರ್ಷ ಬದುಕಿದ ಜಾತಿ ಅದು; ಹಿಂಡಿನಲ್ಲಿ ಕುಂಟಿದವನನ್ನೇ ಬೇಟೆಗಾರ ಮೊದಲು ಆರಿಸುತ್ತಾನೆ. ಹಾಗಾಗಿ ನಾಯಿಯಂತೆ ಅದು ಕುಂಯ್‌ಗುಟ್ಟುವುದಿಲ್ಲ. ಕಿವಿ ತುಸು ಹಿಂದಕ್ಕೆ ಬಿಗಿಯುತ್ತದೆ. ಕಣ್ಣಿನ ಮೇಲಿನ ಎಲುಬು ಎದ್ದು ಕಾಣುತ್ತದೆ. ಮೂಗಿನ ಹೊಳ್ಳೆ ಅಗಲವಾಗುತ್ತದೆ, ಗಲ್ಲ ಗಟ್ಟಿಯಾಗುತ್ತದೆ. ಈ ಸಣ್ಣ ಗುರುತುಗಳನ್ನೆಲ್ಲ ಸೇರಿಸಿ ಕುದುರೆಯ ಮುಖದಲ್ಲಿ ನೋವನ್ನು ಅಳೆಯುವ ಒಂದು ಮಾಪಕವನ್ನು ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದರು. ಕೆಂಚಿಯನ್ನು ನೋಡಿಕೊಳ್ಳುವ ಅಜ್ಜನಿಗೆ ಆ ಮಾಪಕದ ಹೆಸರು ಗೊತ್ತಿಲ್ಲ. "ಇವತ್ತು ಇದರ ಮುಖ ಸರಿ ಇಲ್ಲ" ಎಂದು ಬೆಳಿಗ್ಗೆಯೇ ಮನೆಯವರಿಗೆ ಹೇಳಿದ್ದು ಅವನೇ. ಕುದುರೆ ಕಂಡರೆ ಕಾಲುನೋವು ಎಂಬ ಗಾದೆಯನ್ನು ನಾವು ಸೋಮಾರಿಗಳಿಗೆ ಹೇಳುತ್ತೇವೆ. ಕುದುರೆ ಕಂಡೊಡನೆ ಅದರ ಕಾಲಿನ ನೋವು, ಹೊಟ್ಟೆಯ ನೋವು ಈ ಅಜ್ಜನ ಕಣ್ಣಿಗೆ ಬೀಳುತ್ತದೆ.

ಹೊಟ್ಟೆಯ ಕತೆಗೆ ಬರುತ್ತೇನೆ. ದನದ ಮೇಲೆ ಪಳಗಿದ ಕೈಗೆ ಕುದುರೆ ಮೊದಲು ದಿಕ್ಕು ತಪ್ಪಿಸುತ್ತದೆ. ದನದ ದೊಡ್ಡ ಹೊಟ್ಟೆ ಎಡಗಡೆ, ಕುದುರೆಯ ನಗಾರಿಯಂಥ ಅಂಧಕರುಳು ಬಲಗಡೆ. ದನ ಹುಲ್ಲನ್ನು ಮೊದಲು ಹುಳಿಹಾಕಿ ಆಮೇಲೆ ಜೀರ್ಣಿಸುತ್ತದೆ. ಕುದುರೆ ಮೊದಲು ಜೀರ್ಣಿಸಿ, ಉಳಿದ ನಾರನ್ನು ಹಿಂದುಗಡೆಯ ಹಿರಿಗರುಳಿನಲ್ಲಿ ಹುಳಿಹಾಕುತ್ತದೆ. ಐನೂರು ಕಿಲೋ ತೂಗುವ ಈ ದೇಹಕ್ಕೆ ಜಠರ ಮಾತ್ರ ಹತ್ತು ಹದಿನೈದು ಲೀಟರು ಹಿಡಿಯುವಷ್ಟು, ಒಂದು ಕೊಡದ ಗಾತ್ರ. ದಿನದ ಹದಿನಾರು ಗಂಟೆ ತಲೆ ಬಗ್ಗಿಸಿ ಸ್ವಲ್ಪ ಸ್ವಲ್ಪವೇ ಮೇಯುತ್ತ ನಡೆಯುವ ಪ್ರಾಣಿಗೆಂದು ಮಾಡಿದ ಕೊಡ ಅದು. ಅದರ ಬಾಯಿಗೆ ಎಂಥ ಬಿಗಿ ಕವಾಟವಿದೆಯೆಂದರೆ, ಕುದುರೆ ವಾಂತಿ ಮಾಡಲಾರದು. ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು. ಹೋಗದಿದ್ದರೆ ಜಠರ ಉಬ್ಬಿ ಉಬ್ಬಿ ಒಡೆದೇ ಹೋಗಬಹುದು. ಅಲ್ಲಿಂದ ಮುಂದೆ ಇಪ್ಪತ್ತೈದು ಮೂವತ್ತು ಮೀಟರ್ ಕರುಳು, ಮೂವತ್ತು ಲೀಟರು ಹಿಡಿಯುವ ಅಂಧಕರುಳಿನ ಚೀಲ, ಎರಡು ಸಲ ಮಡಿಸಿಟ್ಟ ಹಿರಿಗರುಳು. ಎಡಗಡೆ ಹಿಂದೆ ಒಂದು ಕಡೆ ಅಗಲವಾದ ಹಿರಿಗರುಳು ಇದ್ದಕ್ಕಿದ್ದಂತೆ ಕಿರಿದಾಗಿ ತಿರುವು ತೆಗೆದುಕೊಳ್ಳುತ್ತದೆ. ಭಾಗಮಂಡಲದ ಘಾಟಿಯಲ್ಲಿ ದೊಡ್ಡ ಲಾರಿ ಸಿಕ್ಕಿಬೀಳುವಂಥ ತಿರುವು. ಒಣಗಿದ ಮೇವು ಬಂದು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಅಲ್ಲಿಯೇ.

ಕೆಂಚಿಗೆ ಆದದ್ದೂ ಅದೇ. ಎಂಟು ದಿನಗಳಿಂದ ಬಿಡದ ಮಳೆ. ಹೊರಗೆ ಬಿಟ್ಟರೆ ಜಿಗಣೆ, ಕೆಸರು. ಕರುಣೆಯಿಂದಲೇ ಅವಳನ್ನು ಲಾಯದಲ್ಲಿ ಕಟ್ಟಿದರು. ಹಸಿಹುಲ್ಲಿನ ಬದಲು ಹಿಂದಿನ ವರ್ಷದ ಒಣ ಭತ್ತದ ಹುಲ್ಲು ಹಾಕಿದರು. ಚಳಿಯಲ್ಲಿ ಶಕ್ತಿ ಬರಲಿ ಎಂದು ಹುರುಳಿ ಒಂದು ಸೇರು ಹೆಚ್ಚಿಸಿದರು. ತಣ್ಣಗೆ ಕೊರೆಯುವ ನೀರನ್ನು ಕೆಂಚಿ ಮೂಸಿ ಬಿಟ್ಟಳು. ನಡಿಗೆಯಿಲ್ಲ, ನೀರಿಲ್ಲ, ಬಾಯಿಗೆ ಬಂದದ್ದೆಲ್ಲ ಒಣಗು. ಇದರಲ್ಲಿ ಒಂದೂ ನಿರ್ಲಕ್ಷ್ಯದಿಂದ ಆದದ್ದಲ್ಲ. ಪ್ರೀತಿಯಿಂದ ಮಾಡಿದ ಮೂರು ಬದಲಾವಣೆ ಒಂದೇ ವಾರದಲ್ಲಿ ಆದವು, ಅಷ್ಟೆ. ಕುದುರೆಯ ಕರುಳಿನೊಳಗೆ ಹುಲ್ಲನ್ನು ಕರಗಿಸುವ ಸೂಕ್ಷ್ಮಜೀವಿಗಳ ಒಂದು ಊರೇ ಇದೆ. ಮೇವು ಬದಲಾದರೆ ಆ ಊರಿನ ಜನವೆಲ್ಲ ಬದಲಾಗಬೇಕು. ಅದಕ್ಕೆ ಒಂದು ವಾರ ಹತ್ತು ದಿನವಾದರೂ ಬೇಕು. ಹೊಸ ಮೇವನ್ನು ಹಳೆಯದರ ಜೊತೆ ಹಿಡಿಹಿಡಿಯಾಗಿ ಬೆರೆಸುತ್ತ ಬನ್ನಿ, ಮಳೆಗಾಲದಲ್ಲಿ ಕುಡಿಯುವ ನೀರನ್ನು ಉಗುರು ಬೆಚ್ಚಗೆ ಮಾಡಿ ಕೊಡಿ ಎಂದು ನಾನು ಹೋದಲ್ಲೆಲ್ಲ ಹೇಳುವುದು ಇದಕ್ಕೇ.

ಅಜ್ಜ ಲಾಯದ ಮೂಲೆಯಲ್ಲಿ ಒಂದು ಬಿದಿರಿನ ಗೊಟ್ಟ ಇಟ್ಟುಕೊಂಡಿದ್ದ, ಪಕ್ಕದಲ್ಲಿ ಓಮ, ಬೆಳ್ಳುಳ್ಳಿ, ಶುಂಠಿ ಕುದಿಸಿದ ಕಷಾಯ. "ಹಾಕಿದ್ದೀಯಾ ಅಜ್ಜ?" ಎಂದೆ. "ಇಲ್ಲ ಸ್ವಾಮಿ, ನೀವು ಹೇಳದೆ ಹಾಕಬಾರದು ಅಂತ ಅಮ್ಮ ತಡೆದ್ರು." ನನ್ನ ಎದೆ ಹಗುರಾಯಿತು. ದನಕ್ಕೆ ಗೊಟ್ಟ ಹಾಕಿ ಹಾಕಿ ಪಳಗಿದ ಕೈಗಳು ಕುದುರೆಯ ತಲೆಯನ್ನೂ ಹಾಗೆಯೇ ಎತ್ತಿ ಹಿಡಿದು ಸುರಿದುಬಿಡುತ್ತವೆ. ಕಷಾಯ ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊಟ್ಟೆನೋವಿನಿಂದ ಬದುಕಬಹುದಾಗಿದ್ದ ಕುದುರೆ ಆಮೇಲೆ ನ್ಯುಮೋನಿಯಾದಿಂದ ಹೋಗುತ್ತದೆ. ಕುದುರೆಯ ಹೊಟ್ಟೆಗೆ ದ್ರವ ತಲುಪಿಸಬೇಕಾದರೆ ದಾರಿ ಮೂಗಿನಿಂದ. ಮೂಗಿನ ಹೊಳ್ಳೆಯ ಕೆಳಬದಿಯಲ್ಲಿ ಎಣ್ಣೆ ಸವರಿದ ಉದ್ದನೆಯ ನಳಿಗೆ ಇಳಿಸುತ್ತ, ಗಂಟಲ ಬಳಿ ನಿಲ್ಲಿಸಿ, ಕುದುರೆ ನುಂಗುವವರೆಗೆ ಕಾಯಬೇಕು. ಅದು ನುಂಗಿದ ಆ ಒಂದು ಗಳಿಗೆಯಲ್ಲಿ ನಳಿಗೆಯನ್ನು ಮುಂದೂಡಬೇಕು. ತಪ್ಪಿದರೆ ಅದು ಶ್ವಾಸನಾಳ. ಸರಿಹೋದರೆ ಕತ್ತಿನ ಎಡಗಡೆ ಚರ್ಮದಡಿ ನಳಿಗೆಯ ತುದಿ ಇಲಿ ಓಡಿದಂತೆ ಕೆಳಗಿಳಿಯುವುದು ಕಣ್ಣಿಗೇ ಕಾಣುತ್ತದೆ. ಎಷ್ಟು ಸಲ ಮಾಡಿದರೂ ಆ ಚರ್ಮದ ಅಲುಗಾಟ ಕಂಡಾಗ ನಾನು ಹಿಡಿದಿಟ್ಟ ಉಸಿರು ಬಿಡುತ್ತೇನೆ. ನೋವಿಗೆ ನರಕ್ಕೆ ಒಂದು ಇಂಜೆಕ್ಷನ್ ಕೊಟ್ಟಾಗಿತ್ತು. ನಳಿಗೆಯಿಂದ ಬೆಚ್ಚಗಿನ ಉಪ್ಪುನೀರು, ಲಿಕ್ವಿಡ್ ಪ್ಯಾರಾಫಿನ್ ಇಳಿಸಿದೆ. ತೋಳಿನವರೆಗೆ ಗ್ಲೌಸ್ ಹಾಕಿ ಒಳಗೆ ಕೈಯಿಟ್ಟಾಗ ಆ ತಿರುವಿನಲ್ಲಿ ನಾದಿಟ್ಟ ಹಿಟ್ಟಿನಂಥ ಗಡ್ಡೆ ಬೆರಳಿಗೆ ತಾಗಿತ್ತು. ಇನ್ನು ಮಾಡಬೇಕಾದ್ದು ಕಾಯುವುದು, ಗಂಟೆಗೊಮ್ಮೆ ನಾಡಿ ನೋಡುವುದು, ಹೊಟ್ಟೆಗೆ ಕಿವಿಗೊಡುವುದು. ಕರುಳು ತಿರುಚಿಕೊಂಡಿದ್ದರೆ ಶಸ್ತ್ರಚಿಕಿತ್ಸೆಯ ಮೇಜು ಇಲ್ಲಿಂದ ಗಂಟೆಗಟ್ಟಲೆ ದಾರಿ, ಅದೂ ಮರ ಬಿದ್ದಿರದಿದ್ದರೆ.

ಕಾಯುವ ರಾತ್ರಿಗಳಲ್ಲಿ ಏನೇನೋ ನೆನಪಾಗುತ್ತದೆ. ಹುಡುಗನಾಗಿದ್ದಾಗ ಪೊನ್ನಂಪೇಟೆ ಬಳಿಯ ಕುಂದ ಬೆಟ್ಟದ ಬೋಡ್ ನಮ್ಮೆಗೆ ಹೋಗಿದ್ದೆ. ತಲಕಾವೇರಿಯಲ್ಲಿ ತುಲಾಸಂಕ್ರಮಣದ ತೀರ್ಥ ಮುಗಿದ ಬೆನ್ನಿಗೆ ಬರುವ ಹಬ್ಬ. ಬಿದಿರು, ಬಟ್ಟೆಯಿಂದ ಕಟ್ಟಿದ ಕುದುರೆಯನ್ನು ಹೊತ್ತುಕೊಂಡು ಜನ ಬೆಟ್ಟ ಹತ್ತುತ್ತಾರೆ. ನನಗೆ ಆಗ ತಿಳಿಯದ ಒಂದು ಸಂಗತಿ ಈಗ ಮತ್ತೆ ಮತ್ತೆ ಮನಸ್ಸಿಗೆ ಬರುತ್ತದೆ: ಲೋಕವೆಲ್ಲ ಮನುಷ್ಯನನ್ನು ಹೊತ್ತ ಕುದುರೆಯ ಕತೆ ಹೇಳುವಾಗ, ಕುದುರೆಯೇ ಅಪರೂಪವಾದ ಈ ನಾಡಿನಲ್ಲಿ ಮನುಷ್ಯರು ಕುದುರೆಯನ್ನು ಹೊತ್ತು ಬೆಟ್ಟ ಹತ್ತುತ್ತಾರೆ. ನಾನು ಕಲಿತ ವಿದ್ಯೆಯನ್ನು ಒಂದು ಚಿತ್ರದಲ್ಲಿ ತೋರಿಸು ಎಂದರೆ ಆ ಏರುದಾರಿಯನ್ನೇ ತೋರಿಸುತ್ತೇನೆ.

ಈ ಹೊರೆ ಹೊಸದಲ್ಲ. ಶಾಲಿಹೋತ್ರನ ಹೆಸರಿನಲ್ಲಿ ಬಂದ ಅಶ್ವಶಾಸ್ತ್ರ ಎಷ್ಟು ಹರಡಿತ್ತೆಂದರೆ, ಉತ್ತರ ಭಾರತದಲ್ಲಿ ಕುದುರೆ ವೈದ್ಯನಿಗೆ 'ಸಾಲೋತ್ರಿ' ಎಂಬ ಹೆಸರೇ ಬಿತ್ತು. ಕನ್ನಡದಲ್ಲಿ ಕೀರ್ತಿವರ್ಮ 12ನೆಯ ಶತಮಾನದ ಹೊತ್ತಿಗೇ ಗೋವೈದ್ಯ ಬರೆದ; 1400ರ ಸುಮಾರಿಗೆ ಅಭಿನವಚಂದ್ರ ಅಶ್ವವೈದ್ಯ ಬರೆದ. ದನಕ್ಕೊಂದು, ಕುದುರೆಗೊಂದು ಬೇರೆ ಬೇರೆ ಪುಸ್ತಕ ಬೇಕೆಂದು ನಮ್ಮ ಹಿರಿಯರಿಗೆ ಗೊತ್ತಿತ್ತು ಎಂಬುದೇ ನನಗೆ ಸಂತೋಷ. ಈ ಎರಡು ಪುಸ್ತಕಗಳ ನಡುವಿನ ಕಾಲದಲ್ಲಿ, 13ನೆಯ ಶತಮಾನದ ಕೊನೆಯಲ್ಲಿ ದಕ್ಷಿಣದ ಕರಾವಳಿಗೆ ಬಂದ ಮಾರ್ಕೊ ಪೋಲೊ ಬೇರೊಂದು ದೃಶ್ಯ ಕಂಡ. ಅರಬ್ಬೀ ಸಮುದ್ರ ದಾಟಿ ಸಾವಿರಾರು ಕುದುರೆಗಳು ಬಂದಿಳಿಯುತ್ತಿದ್ದವು, ನೋಡಿಕೊಳ್ಳುವುದು ತಿಳಿಯದೆ ವರ್ಷ ಕಳೆಯುವುದರೊಳಗೆ ಬಹುಪಾಲು ಸಾಯುತ್ತಿದ್ದವು. ಹುಲ್ಲಿನ ಬಯಲಿನ ಪ್ರಾಣಿಗೆ ಅನ್ನ, ಮಾಂಸ ಬೇಯಿಸಿ ತಿನ್ನಿಸುತ್ತಿದ್ದರಂತೆ. ಮಾರುವವರು ಲಾಳ ಕಟ್ಟಿ ಚಿಕಿತ್ಸೆ ಮಾಡುವವರನ್ನು ಈ ಕಡೆ ಬರಗೊಡುತ್ತಿರಲಿಲ್ಲ, ಕುದುರೆ ಸತ್ತಷ್ಟೂ ವ್ಯಾಪಾರ ಎಂದು. ಆ ಸಾಲು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪ್ರೀತಿಯಿಂದ ಬೇಯಿಸಿ ಹಾಕಿದ ಆ ಅನ್ನವನ್ನೂ, ಕೆಂಚಿಗೆ ಹೆಚ್ಚಿಸಿದ ಹುರುಳಿಯನ್ನೂ ನಾನು ಬೇರೆ ಮಾಡಿ ನೋಡಲಾರೆ.

ಹನ್ನೊಂದರ ಹೊತ್ತಿಗೆ ಕೆಂಚಿ ಸ್ವಲ್ಪ ಸುಮ್ಮನಾದಳು. ಅವಳ ಮುಂಗಾಲು ಎತ್ತಿ ಮಡಿಲಿಗಿಟ್ಟುಕೊಂಡೆ. ಮಳೆಗಾಲದ ಕೊಡಗಿನಲ್ಲಿ ಗೊರಸನ್ನು ನೋಡದೆ ಬರಬಾರದು. ಅಡಿಯಲ್ಲಿ 'ಕಪ್ಪೆ' ಎಂದು ನಾವು ಕರೆಯುವ ಮುಮ್ಮೂಲೆಯ ಮೆತ್ತೆ ಇದೆ. ಅದರ ಸಂದಿನಲ್ಲಿ ಕೆಸರು ಕೂತು ಗಾಳಿಯಾಡದಿದ್ದರೆ ಕೊಳೆತು ಕಪ್ಪಗಿನ, ಮೂಗಿಗೆ ಬಡಿಯುವ ಕೀವು ಬರುತ್ತದೆ. ಕೊಕ್ಕೆಯಲ್ಲಿ ಕೆಸರು ಕೆರೆದೆ. ಕೆಂಚಿಯದು ಚೆನ್ನಾಗಿತ್ತು. ಅಜ್ಜ ದಿನಕ್ಕೆರಡು ಸಲ ಕೆರೆದು ಒಣಬಟ್ಟೆಯಲ್ಲಿ ಒರೆಸುತ್ತಾನೆ, ಆರೇಳು ವಾರಕ್ಕೊಮ್ಮೆ ಪಿರಿಯಾಪಟ್ಟಣದ ಕಡೆಯಿಂದ ಲಾಳ ಕಟ್ಟುವವನನ್ನು ಕರೆಸಿ ಅಂಚು ಕತ್ತರಿಸುತ್ತಾನೆ.

ಕುದುರೆ ನಿಂತಿರುವುದು ಒಂದೊಂದು ಕಾಲಿನಲ್ಲಿ ಒಂದೊಂದೇ ಬೆರಳಿನ ಮೇಲೆ. ನಮ್ಮ ಮಧ್ಯದ ಬೆರಳು, ಅದರ ಉಗುರೇ ಗೊರಸು. ಅರ್ಧ ಟನ್ ತೂಕ ನಾಲ್ಕು ಉಗುರಿನ ಮೇಲೆ! ಅದಕ್ಕಿಂತ ಹೆಚ್ಚಿನದೆಂದರೆ, ಗೊರಸಿನೊಳಗಿನ ಎಲುಬು ಅಡಿಯ ಮೇಲೆ ಕುಳಿತಿಲ್ಲ, ಗೋಡೆಯಿಂದ ತೂಗುಬಿದ್ದಿದೆ. ಅಣಬೆಯ ಕೊಡೆಯ ಕೆಳಗೆ ಕಾಣುವ ಎಸಳುಗಳಂತೆ ಆರುನೂರರಷ್ಟು ಎಸಳು ಎಲುಬಿನ ಕಡೆಯಿಂದ, ಅಷ್ಟೇ ಎಸಳು ಗೊರಸಿನ ಗೋಡೆಯಿಂದ ಬಂದು, ಎರಡು ಕೈಯ ಬೆರಳು ಹೆಣೆದಂತೆ ಹೆಣೆದುಕೊಂಡಿವೆ. ಪ್ರತಿ ಎಸಳಿಗೂ ನೂರಕ್ಕೂ ಹೆಚ್ಚು ಕಿರಿಯ ಎಸಳು. ಒಂದೇ ಗೊರಸಿನ ಈ ಮಡಿಕೆಗಳನ್ನೆಲ್ಲ ಬಿಡಿಸಿ ಹಾಸಿದರೆ ಒಂದು ಚದರ ಮೀಟರಿನ ಹತ್ತಿರ ಬರುತ್ತದೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಸೀಳಿದ ಗೊರಸಿನ ಆ ಎಸಳುಗಳನ್ನು ಮೊದಲ ಬಾರಿ ಕಂಡ ದಿನ ಊಟಕ್ಕೆ ಹೋಗುವುದು ಮರೆತೆ. ಧಾನ್ಯ ಹೆಚ್ಚು ತಿಂದೋ, ಸೋಂಕಿನಿಂದಲೋ ಈ ಹೆಣಿಗೆ ಉರಿಗೊಂಡು ಬಿಟ್ಟುಕೊಂಡರೆ ಎಲುಬು ಗೊರಸಿನೊಳಗೇ ಕುಸಿಯುತ್ತದೆ. ಕಾಲು ಮುರಿದ ಕುದುರೆಯನ್ನು ಉಳಿಸುವುದು ಯಾಕೆ ಅಷ್ಟು ಕಷ್ಟ ಎಂದು ಜನ ಕೇಳುತ್ತಾರೆ. ಉತ್ತರ ಮುರಿದ ಕಾಲಿನಲ್ಲಷ್ಟೇ ಅಲ್ಲ, ಇನ್ನೊಂದು ಕಾಲಿನಲ್ಲೂ ಇದೆ. ಒಂದೇ ಸಮನೆ ಭಾರ ಹೊತ್ತು ಹೊತ್ತು ಅದರ ಎಸಳುಗಳು ಸೋತುಹೋಗುತ್ತವೆ. ಹಾಗೆ ಸೋತ ಒಂದು ಕುದುರೆಗೆ ಕೊನೆಯ ಇಂಜೆಕ್ಷನ್ ಕೊಟ್ಟಿದ್ದೇನೆ. ಅದರ ಕಣ್ಣಿನ ಬಗ್ಗೆ ಬರೆಯಲು ನನಗೆ ಇನ್ನೂ ಆಗಿಲ್ಲ.

ಆದರೆ ಇದೇ ಗೊರಸಿನ ಇನ್ನೊಂದು ನೆನಪು ಉಂಟು. ವಿದ್ಯಾರ್ಥಿಯಾಗಿದ್ದಾಗ ಕುದುರೆ ಸಾಕುವ ಒಂದು ಫಾರಂನಲ್ಲಿ ಕೆಲವು ವಾರ ರಾತ್ರಿಪಾಳಿ ಮಾಡಿದ್ದೆ. ನಮ್ಮ ನಾಡಿಗೆ ಇಂಥ ಫಾರಂ ಹೊಸತಲ್ಲ, ಕುಣಿಗಲ್‌ನದು ಟಿಪ್ಪುವಿನ ಕುದುರೆ ದಂಡಿನ ಕಾಲದಿಂದ ಬಂದದ್ದು. ಹನ್ನೊಂದು ತಿಂಗಳು ಹೊತ್ತ ತಾಯಿ ಹೆಚ್ಚಾಗಿ ಈಯುವುದು ನಡುರಾತ್ರಿಯ ಮೇಲೆ, ಸುತ್ತ ಯಾರೂ ಓಡಾಡದ ಹೊತ್ತು ನೋಡಿಕೊಂಡು. ಹೆರಿಗೆ ಅರ್ಧ ಗಂಟೆಯೊಳಗೆ ಮುಗಿದುಹೋಗುತ್ತದೆ. ಅಂದು ಚೀಲ ಹರಿದು ಹೊರಬಂದ ಮರಿಯ ಕಾಲನ್ನು ನಾನು ಮುಟ್ಟಿದೆ; ಗೊರಸು ಗೊರಸಾಗಿರಲಿಲ್ಲ. ಅಡಿಯ ತುಂಬ ಮೆತ್ತನೆಯ ಹಳದಿ ಬೆರಳುಗಳಂಥ ಕುಚ್ಚು, ಎಳೆ ಬಿದಿರುಕಳಲೆಯ ಒಳತಿರುಳಿನಷ್ಟು ಮೃದು. ಗರ್ಭದಲ್ಲಿ ಒದೆಯುವ ಮರಿ ತಾಯಿಯ ಒಳಗನ್ನು ಹರಿಯಬಾರದೆಂದು ಪ್ರಕೃತಿ ತೊಡಿಸಿದ ಪಾದರಕ್ಷೆ. ಒಂದು ಗಂಟೆಯೊಳಗೆ ಮರಿ ನಾಲ್ಕು ಸಲ ಬಿದ್ದು ಐದನೆಯ ಸಲ ನಿಂತಿತು. ನಿಂತು ನಡೆದಂತೆ ಆ ಮೃದು ಕುಚ್ಚು ಒಣಗಿ ಸವೆದು ಉದುರಿತು. ಒಳಗಿನಿಂದ ಗಟ್ಟಿ ಗೊರಸು ಕಂಡಿತು. ಇನ್ನೊಬ್ಬರ ಒಡಲಿಗೆ ಗಾಯವಾಗದ ಹಾಗೆ ಇಂಥ ಏರ್ಪಾಡು ಯಾವ ಕೈ ಮಾಡಿತೋ! ಅಲ್ಲಿನ ಹಿರಿಯ ವೈದ್ಯರು ನನಗೆ ಕಲಿಸಿದ ಲೆಕ್ಕ ಇಂದಿಗೂ ಬಾಯಲ್ಲಿದೆ: ಒಂದು ಗಂಟೆಯಲ್ಲಿ ಮರಿ ನಿಲ್ಲಬೇಕು, ಎರಡು ಗಂಟೆಯಲ್ಲಿ ಮೊಲೆಗೆ ಬಾಯಿಡಬೇಕು, ಮೂರು ಗಂಟೆಯಲ್ಲಿ ತಾಯಿಯ ಮಾಸು ಬೀಳಬೇಕು. ರೋಗ ತಡೆಯುವ ಶಕ್ತಿಯನ್ನು ಮರಿ ಗರ್ಭದಲ್ಲಿ ಪಡೆದುಕೊಂಡು ಬರುವುದಿಲ್ಲ. ಗಿಣ್ಣುಹಾಲಿನಲ್ಲೇ ಬರಬೇಕು, ಅದೂ ಮೊದಲ ಕೆಲವು ಗಂಟೆಗಳೊಳಗೆ. ಆಮೇಲೆ ಕರುಳಿನ ಆ ಬಾಗಿಲು ಮುಚ್ಚಿಕೊಳ್ಳುತ್ತದೆ.

ಹಿರಿಯಮ್ಮ ಎರಡು ಲೋಟ ಕಾಫಿ ತಂದರು, ಜೊತೆಗೆ ಪಾಯಸ. ಲಾಯದ ಹೊರಗೆ ಕಟ್ಟೆಯ ಮೇಲೆ ಕುಳಿತು ಮಾತಾಡಿದೆವು. ಅಂಗಳದ ಆಚೆ ಬೆಣ್ಣೆಹಣ್ಣಿನ ಮರ ಗಾಳಿಗೆ ತೂಗುತ್ತಿತ್ತು. "ಅಮ್ಮ, ಕುದುರೆಯನ್ನು ಆ ಮರದ ಕೆಳಗೆ ಕಟ್ಟಬೇಡಿ" ಎಂದೆ. ನಮ್ಮ ತೋಟಗಳ ತುಂಬ ಇರುವ ಬೆಣ್ಣೆಹಣ್ಣು ನಮಗೆ ಪುಷ್ಟಿ. ಅದರ ಎಲೆ, ತೊಗಟೆ, ಉದುರಿದ ಹಣ್ಣು ಕುದುರೆಗೆ ವಿಷ. ತಲೆ ಬಾತುಕೊಳ್ಳುತ್ತದೆ, ಗುಂಡಿಗೆ ಸೋಲುತ್ತದೆ. ಬೇಲಿಯ ಲಂಟಾನ, ಬೆಟ್ಟದ ಜರಿಗಿಡದ ಕೆಲವು ಜಾತಿಗಳೂ ಹಾಗೆಯೇ. ಬೂಸ್ಟು ಹಿಡಿದ ಹುಲ್ಲು ಹಾಕಿದರೆ ಕುದುರೆಗೆ ಉಬ್ಬಸ. ಬೂಸ್ಟು ಹಿಡಿದ ಜೋಳ ಮಿದುಳನ್ನೇ ಕೊಳೆಸಬಹುದು. ಹಲ್ಲು ವರ್ಷಕ್ಕೆರಡು ಮೂರು ಮಿಲಿಮೀಟರ್ ಹೊರಬರುತ್ತಲೇ ಇರುತ್ತದೆ, ಅಂಚು ಚೂರಿಯಾಗಿ ಕೆನ್ನೆ ಕುಯ್ಯುತ್ತದೆ; ವರ್ಷಕ್ಕೊಮ್ಮೆ ಉಜ್ಜಿಸಬೇಕು. ಅವರು ಒಂದೊಂದನ್ನೂ ಕೇಳಿ ಕೇಳಿ ತಿಳಿದುಕೊಂಡರು. ಕೊನೆಗೆ ನಾನು ಹೇಳಲು ಹಿಂಜರಿಯುತ್ತಿದ್ದುದನ್ನು ಹೇಳಿದೆ: "ಇವಳು ಒಂಟಿ. ಕುದುರೆ ಹಿಂಡಿನ ಪ್ರಾಣಿ ಅಮ್ಮ. ಇನ್ನೊಂದು ಕುದುರೆ ಆಗದಿದ್ದರೆ ಒಂದು ಆಡನ್ನಾದರೂ ಜೊತೆಗೆ ಬಿಡಿ." ಹಲಗೆ ಕಚ್ಚಿ ಗಾಳಿ ಎಳೆಯುವ, ನಿಂತಲ್ಲೇ ಇಡೀ ದಿನ ಅತ್ತಿತ್ತ ತೂಗುವ ಕುದುರೆಗಳನ್ನು ನಾನು ಚೆಂದದ ಲಾಯಗಳಲ್ಲೇ ಹೆಚ್ಚು ಕಂಡಿದ್ದೇನೆ. ಅವಕ್ಕೆ ಹುಲ್ಲುಂಟು, ನೀರುಂಟು, ಮೈಗೆ ಕಂಬಳಿ ಉಂಟು. ಕತ್ತಿನ ಮೇಲೆ ಹಲ್ಲಾಡಿಸಿ ತುರಿಸುವ ಇನ್ನೊಂದು ಜೀವ ಇಲ್ಲ.

"ನಮ್ಮ ಮನೆಯವರಿಗೆ ಹಾವು ಕಚ್ಚಿತ್ತು, ಗೊತ್ತಾ ಡಾಕ್ಟ್ರೇ?" ಎಂದರು ಆಕೆ, ಏನೋ ನೆನೆದು. ಕಾಫಿ ಕೊಯ್ಲಿನ ದಿನ, ಕಾಲಿಗೆ ಕೊಳಕುಮಂಡಲ. ಮಡಿಕೇರಿಗೆ ಒಯ್ದು ಇಂಜೆಕ್ಷನ್ ಕೊಟ್ಟು ಉಳಿಸಿದರಂತೆ. "ಆ ಇಂಜೆಕ್ಷನ್ ಎಲ್ಲಿಂದ ಬಂತು ಹೇಳಿ ಅಮ್ಮ" ಎಂದೆ. ಅವರಿಗೆ ತಿಳಿದಿರಲಿಲ್ಲ. ಅದು ಬಂದದ್ದು ಕುದುರೆಯಿಂದ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷವನ್ನು ಹನಿಹನಿಯಾಗಿ, ಸಹಿಸುವಷ್ಟೇ ಅಳೆದು ಕುದುರೆಯ ಮೈಗೆ ಚುಚ್ಚುತ್ತಾರೆ. ಅದರ ರಕ್ತ ವಿಷವನ್ನು ಕಟ್ಟಿಹಾಕುವ ಕಣಗಳನ್ನು ಮಾಡಿಕೊಳ್ಳುತ್ತದೆ. ಆ ರಕ್ತದ ತಿಳಿಯನ್ನು ಶುದ್ಧಮಾಡಿದರೆ ನಮ್ಮ ಔಷಧಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಕಂಡುಕೊಂಡ ದಾರಿ. ಇಂದಿಗೂ ಭಾರತದ ಆಸ್ಪತ್ರೆಗಳಲ್ಲಿ ಹಾವಿನ ವಿಷಕ್ಕೆ ಇದೇ ಮದ್ದು. ವೈದ್ಯಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪ್ರಶಸ್ತಿ 1901ರಲ್ಲಿ ಬೆರಿಂಗ್ ಎಂಬವರಿಗೆ ಸಂದದ್ದು ಗಂಟಲಮಾರಿಗೆ ಇಂಥದೇ ಸೀರಮ್ ಚಿಕಿತ್ಸೆಗಾಗಿ; ಆ ಸೀರಮ್ಮನ್ನೂ ಬೇಗನೆ ಕುದುರೆಗಳ ಮೈಯಲ್ಲೇ ತಯಾರಿಸತೊಡಗಿದರು. ಧನುರ್ವಾಯುವಿನದಂತೂ ನನ್ನನ್ನು ಮೂಕನನ್ನಾಗಿಸುತ್ತದೆ. ಆ ರೋಗಕ್ಕೆ ಕುದುರೆಯಷ್ಟು ಸುಲಭವಾಗಿ ಬಲಿಯಾಗುವ ಸಾಕುಪ್ರಾಣಿ ಇನ್ನೊಂದಿಲ್ಲ, ಒಂದು ಮೊಳೆ ಗೊರಸಿಗೆ ಚುಚ್ಚಿದರೆ ಸಾಕು. ಅದೇ ರೋಗಾಣುವಿನ ಬೀಜ ಕುದುರೆಯ ಲದ್ದಿಯಲ್ಲಿ ಮಣ್ಣು ಸೇರುತ್ತದೆ. ಮತ್ತೆ ನಮ್ಮನ್ನು ಅದರಿಂದ ಉಳಿಸಿದ ಸೀರಮ್ಮೂ ಕುದುರೆಯ ರಕ್ತದಿಂದಲೇ ಬಂತು. ಈಗ ಕುದುರೆಗೆ ಲಸಿಕೆ ಇದೆ. ಅದನ್ನು ಹಾಕಿಸದೆ ಬಿಡುವುದು ನನ್ನ ದೃಷ್ಟಿಯಲ್ಲಿ ದೊಡ್ಡ ಸಾಲ ತೀರಿಸದೆ ಬಿಟ್ಟಂತೆ. ಸೀರಮ್ ಕೊಡುವ ಕುದುರೆಗಳು ಒಳ್ಳೆಯ ಮೇವು, ಬಯಲು, ಬಿಡುವು ಕಾಣಬೇಕು. ವಯಸ್ಸಾದ ಮೇಲೆ ಅವು ಎಲ್ಲಿ ಹೋಗುತ್ತವೆ ಎಂದು ಕೇಳುವವರು ನಾವಾಗಬೇಕು. ಹಾವು ಕಚ್ಚಿ ಉಳಿದ ನಮ್ಮವರ ಮೈಯಲ್ಲಿ ಅವುಗಳ ರಕ್ತದ ಅಂಶ ಹರಿದಿರುತ್ತದೆ.

ಹಿರಿಯಮ್ಮ ಎದ್ದು ಹೋಗಿ ಕೆಂಚಿಯ ಹಣೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತರು. ನೇರ ಮುಂದಿನಿಂದಲ್ಲ, ಭುಜದ ಕಡೆಯಿಂದ, ಮಾತಾಡಿಸುತ್ತ ಹೋದರು; ಅದನ್ನು ನಾನು ಅವರಿಗೆ ಕಲಿಸಿರಲಿಲ್ಲ. ನೆಲದ ಮೇಲಿನ ಪ್ರಾಣಿಗಳಲ್ಲೇ ಅತಿ ದೊಡ್ಡ ಕಣ್ಣಿನ ಸಾಲಿಗೆ ಸೇರಿದ ಕಣ್ಣು ಕುದುರೆಯದು, ಆನೆಯದಕ್ಕಿಂತಲೂ ದೊಡ್ಡದು. ಸುತ್ತಲಿನ ಹೆಚ್ಚುಕಡಿಮೆ ಎಲ್ಲವೂ ಅದಕ್ಕೆ ಕಾಣುತ್ತದೆ. ಕಾಣದಿರುವುದು ಬಾಲದ ಹಿಂದಿನ ಒಂದು ಪಟ್ಟಿ, ಮತ್ತೆ ತನ್ನದೇ ಹಣೆಯ ಎದುರಿನ ಸ್ವಲ್ಪ ಜಾಗ. ಹಣೆಯ ಮೇಲೆ ಇಟ್ಟ ಕೈ ಅದಕ್ಕೆ ಕಾಣುವುದಿಲ್ಲ. ನಂಬಿಕೆಯಿಂದ ಅದು ಸುಮ್ಮನೆ ನಿಂತಿರುತ್ತದೆ.

ಮೂರು ಗಂಟೆಗೆ ನಾಡಿ 48. ನಾಲ್ಕೂವರೆಗೆ 44. ಅಜ್ಜ ಅವಳನ್ನು ಲಾಯದೊಳಗೇ ಹತ್ತು ಹೆಜ್ಜೆ ಆ ಕಡೆ, ಹತ್ತು ಹೆಜ್ಜೆ ಈ ಕಡೆ ನಡೆಸಿದ. ಬಕೆಟ್ಟಿನ ಬೆಚ್ಚಗಿನ ನೀರಿಗೆ ಸ್ವಲ್ಪ ಬೆಲ್ಲ ಕದಡಿ ಇಟ್ಟಿದ್ದೆವು. ಕೆಂಚಿ ತುಟಿ ತಾಗಿಸಿದಳು, ಬಿಟ್ಟಳು, ಮತ್ತೆ ತಾಗಿಸಿದಳು. ನೀರು ಗಂಟಲಲ್ಲಿ ಇಳಿಯುವ ಗುಟುಕುಗಳನ್ನು ಅಜ್ಜ ಬೆರಳು ಮಡಿಸಿ ಎಣಿಸುತ್ತಿದ್ದ.

ಆರಕ್ಕೆ ಸ್ವಲ್ಪ ಮೊದಲು ಮಳೆ ನಿಂತಿತು. ಅಷ್ಟು ದಿನಗಳ ಸದ್ದು ಒಮ್ಮೆಲೇ ನಿಂತಾಗ ಕಿವಿಯೊಳಗೆ ಒಂದು ಖಾಲಿ ಜಾಗ ಆಗುತ್ತದೆ. ಸೂರಿನಿಂದ ಹನಿ ತೊಟ್ಟಿಕ್ಕುತ್ತಿತ್ತು, ದೂರದಲ್ಲಿ ತೊರೆ ಭೋರ್ಗರೆಯುತ್ತಿತ್ತು. ನಾನು ಓಡಿಹೋಗಿ ಬಲಮಗ್ಗುಲಿಗೆ ಸ್ಟೆತೋಸ್ಕೋಪು ಒತ್ತಿದೆ. ಮೊದಲು ಏನೂ ಇಲ್ಲ. ಅಜ್ಜ ಉಸಿರು ಬಿಗಿಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದ. ಎಣಿಸಿದೆ: ಮೂವತ್ತು, ನಲವತ್ತು, ಐವತ್ತು. ಆಗ ಒಳಗೆ ಎಲ್ಲೋ ಬಹಳ ಆಳದಲ್ಲಿ, ಬೆಟ್ಟದಾಚೆ ಗುಡುಗು ಉರುಳಿ ಆಮೇಲೆ ನೀರು ಕಲ್ಲುಕೊರಕಲಿಗೆ ಧುಮುಕಿದಂಥ ದೀರ್ಘವಾದ ಒಂದು ಸದ್ದು ಹೊರಟು, ನನ್ನ ಕಿವಿಯ ಕೆಳಗೆ ಹಾದು, ಹಿಂದಕ್ಕೆ ಸಾಗಿ ಕರಗಿತು. ಸ್ಟೆತೋಸ್ಕೋಪನ್ನು ತೆಗೆದು ಅಜ್ಜನ ಕಿವಿಗಿಟ್ಟೆ. ಅವನಿಗೂ ಕೇಳಲಿ ಎಂದು ಇಬ್ಬರೂ ಕಾದೆವು. ಒಂದು ನಿಮಿಷದ ಮೇಲೆ ಅವನ ಹುಬ್ಬು ಮೇಲೇರಿತು. "ಇದರೊಳಗೂ ಹೊಳೆ ಉಂಟಲ್ಲ ಸ್ವಾಮಿ" ಎಂದ, ಪಿಸುಮಾತಿನಲ್ಲಿ.

ಕೆಂಚಿ ಬಾಲ ಎತ್ತಿದಳು. ನಾವಿಬ್ಬರೂ ಪಕ್ಕಕ್ಕೆ ಸರಿದೆವು. ಅಜ್ಜ ಬಿದ್ದ ಮೊದಲ ಉಂಡೆಯನ್ನು ಬರಿಗೈಯಲ್ಲಿ ಎತ್ತಿಕೊಂಡು, ಅಂಗಳದಲ್ಲಿ ನಿಂತಿದ್ದ ಹಿರಿಯಮ್ಮನಿಗೆ ಕಾಣುವ ಹಾಗೆ ಬಾಗಿಲ ಬೆಳಕಿಗೆ ಹಿಡಿದ. ಅವನ ಅಂಗೈಯಿಂದ ಹಬೆ ಏಳುತ್ತಿತ್ತು.